ಗುರುದೀಕ್ಷೆ: ಗೆಳೆಯ ನೆಲದ ಮೇಲೆ ಬೋರಲು ಮಲಗಿದ್ದು ಯಾಕೆ?

ಹೊರಗಿನವ

ಎಲ್ಲರಿಗೂ ನಮಸ್ಕಾರ. ನಾನು ಕ್ರೈಸ್ತನಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನಿಂದ ಜೊತೆಗಿದ್ದ ಗೆಳೆಯನೊಬ್ಬ ಹೋದ ಶನಿವಾರ ಫಾದರ್ ಆದ. ಬಾ ಅಂದಿದ್ದ, ಹೋದೆ. ಎರಡೂವರೆ ಗಂಟೆ ನಡೆಯಿತು. ಕೈಗೆ ಒಂದು ಪುಸ್ತಿಕೆ ಕೊಟ್ಟಿದ್ದರು. ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ. ಅರ್ಧಕ್ಕರ್ಧ ತಲೆಗೆ ಹೋಗಲಿಲ್ಲ.

ನಡುವೆ ಒಂದು ಕಡೆ ಅವನು ಬಿಳಿ ನಿಲುವಂಗಿಯಲ್ಲಿ ಪೀಠದ ಮುಂದೆ ಉದ್ದಕ್ಕೆ ಬೋರಲು ಮಲಗಿಬಿಟ್ಟ. ಹಣೆ ನೆಲಕ್ಕೆ. ಜನ ಮೊಣಕಾಲೂರಿ ಏನೋ ಹಾಡುತ್ತಿದ್ದರು, ಅದು ಮುಗಿಯುತ್ತಲೇ ಇಲ್ಲ. ನಾನು ಎರಡನೇ ಸಾಲಿನಲ್ಲಿದ್ದೆ. ಅವನ ಬೂಟಿನ ಅಟ್ಟೆ ನೇರ ಕಣ್ಣಿಗೆ ಬೀಳುತ್ತಿತ್ತು. ಹೊಸ ಬೂಟು, ಸೈಜಿನ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ನಗು ಬಂತು. ಅದರ ಹಿಂದೆಯೇ ಯಾಕೋ ಗಂಟಲು ಕಟ್ಟಿತು.

ಆಮೇಲೆ ಬಿಷಪ್ ಅವನ ತಲೆ ಮೇಲೆ ಎರಡೂ ಕೈ ಇಟ್ಟರು. ಒಂದು ಮಾತಿಲ್ಲ. ಅವರ ಹಿಂದೆ ಸಾಲಾಗಿ ಬಂದ ನಲವತ್ತು ಐವತ್ತು ಫಾದರ್‌ಗಳೂ ಹಾಗೇ ಮಾಡಿದರು. ಅವರದೂ ಮಾತಿಲ್ಲ.

ಇದು ಏನು? ಪದವಿ ಕೊಡುವುದಾ, ಕೆಲಸಕ್ಕೆ ಸೇರಿಸಿಕೊಳ್ಳುವುದಾ, ಸನ್ಯಾಸವಾ? ಇದೆಲ್ಲ ಯಾತಕ್ಕೆ? ಅವನನ್ನೇ ಕೇಳಬಹುದಿತ್ತು, ಆದರೆ ಅವತ್ತು ಅವನ ಸುತ್ತ ಜನವೋ ಜನ.

ಗಂಟೆಗೋಪುರ

ಮೂರೂ ಅಲ್ಲ. ಆದರೆ ಮೂರರ ಛಾಯೆಯೂ ಸ್ವಲ್ಪ ಸ್ವಲ್ಪ ಇದೆ, ಅದಕ್ಕೇ ಗೊಂದಲ.

ಕಥೋಲಿಕ ಧರ್ಮಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಏಳು ಸಂಸ್ಕಾರಗಳು. ಜ್ಞಾನಸ್ನಾನ (ಕ್ರೈಸ್ತನಾಗುವಾಗ ನೀರು ಹಾಕುವುದು), ದೃಢೀಕರಣ, ಪರಮಪ್ರಸಾದ (ಪೂಜೆಯ ರೊಟ್ಟಿ, ದ್ರಾಕ್ಷಾರಸ), ಪಾಪನಿವೇದನೆ (ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವುದು), ರೋಗಿಗಳಿಗೆ ಎಣ್ಣೆ ಹಚ್ಚುವುದು, ಮದುವೆ, ಮತ್ತೆ ಈ ದೀಕ್ಷೆ. ಕಣ್ಣಿಗೆ ಕಾಣುವ ಒಂದು ಗುರುತಿನ ಮೂಲಕ ದೇವರೇ ಕೆಲಸ ಮಾಡುತ್ತಾನೆ ಎಂಬುದು ಸಂಸ್ಕಾರದ ಹಿಂದಿನ ನಂಬಿಕೆ. ಜ್ಞಾನಸ್ನಾನಕ್ಕೆ ನೀರು ಹೇಗೋ ದೀಕ್ಷೆಗೆ ಕೈ ಹಾಗೆ. ನೀವು ಕಂಡ ಆ ಮೌನದ ಗಳಿಗೆ, ಅದರ ಹಿಂದೆ ಬಿಷಪ್ ಹೇಳಿದ ಉದ್ದನೆಯ ಪ್ರಾರ್ಥನೆ, ಇವೆರಡೇ ತಿರುಳು.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮಧ್ಯಯುಗದ ಪಂಡಿತರಲ್ಲಿ ಹಲವರು ಪಾನಪಾತ್ರೆಯನ್ನೂ ರೊಟ್ಟಿಯ ತಟ್ಟೆಯನ್ನೂ ಕೈಗೆ ಕೊಡುವುದೇ ದೀಕ್ಷೆ ಅಂದುಕೊಂಡಿದ್ದರು. 1947ರಲ್ಲಿ ಹನ್ನೆರಡನೇ ಪಯಸ್ ಪೋಪರು ಆ ಚರ್ಚೆಗೆ ತೆರೆ ಎಳೆದರು. ಬೇಕಾದದ್ದು ಕೈ ಇಡುವುದು, ಆ ಪ್ರಾರ್ಥನೆ, ಅಷ್ಟೇ ಎಂದರು. ಪಾತ್ರೆ ಕೊಡುವುದು ಈಗಲೂ ಇದೆ. ನಿನ್ನ ಕೆಲಸ ಇದಪ್ಪಾ ಅಂತ ತೋರಿಸಿಕೊಡುವುದಕ್ಕೆ.

ಬೈಬಲಿನಲ್ಲಿ ಪೌಲ ತನ್ನ ಶಿಷ್ಯ ತಿಮೊಥೇಯನಿಗೆ ಬರೆದ ಎರಡನೇ ಪತ್ರದಲ್ಲೇ ಇದರ ಮಾತು ಬರುತ್ತದೆ. ನಾನು ಕೈ ಇಟ್ಟಾಗ ನಿನಗೆ ಸಿಕ್ಕ ವರವನ್ನು ಮತ್ತೆ ಉರಿಯುವಂತೆ ಮಾಡು ಅನ್ನುತ್ತಾನೆ. ಅಲ್ಲಿಂದ ಇಲ್ಲಿಯವರೆಗೆ ಕೈಯಿಂದ ತಲೆಗೆ, ತಲೆಯಿಂದ ತಲೆಗೆ ಬಂದದ್ದು ಎಂದು ಕಥೋಲಿಕರು ನಂಬುತ್ತಾರೆ. ನಿಮ್ಮ ಗೆಳೆಯನಿಗೆ ಕೈ ಇಟ್ಟ ಬಿಷಪ್ಪರ ತಲೆ ಮೇಲೆ ಇನ್ನೊಬ್ಬ ಬಿಷಪ್ ಕೈ ಇಟ್ಟಿದ್ದರು, ಅವರ ತಲೆ ಮೇಲೆ ಮತ್ತೊಬ್ಬರು. ಬಿಷಪ್ ದೀಕ್ಷೆಗೆ ಮೂವರಾದರೂ ಬಿಷಪ್ಪರು ಸೇರಬೇಕು ಅಂತ 325ರ ನೈಸಿಯಾ ಮಹಾಸಭೆ ಹೇಳಿತು. ಈಗಲೂ ಅದೇ ವಾಡಿಕೆ.

ಮಲಗಿದಾಗ ಹಾಡುತ್ತಿದ್ದದ್ದು ಸಂತರ ಮನವಿಮಾಲೆ. ಒಬ್ಬೊಬ್ಬರ ಹೆಸರು ಹಿಡಿದು, ನಮಗಾಗಿ ಪ್ರಾರ್ಥಿಸಿ ಅನ್ನುವುದು. ಇದು ನನ್ನೊಬ್ಬನ ಕೈಲಾಗುವುದಲ್ಲ ಅಂತ ಒಪ್ಪಿಕೊಂಡವನು ಹಾಗೆ ಮಲಗುತ್ತಾನೆ. ಚೀಟಿ ವಿಷಯ ಮಾತ್ರ ಯಾವ ಪುಸ್ತಿಕೆಯಲ್ಲೂ ಇಲ್ಲ :)

ಮೇಣದಬತ್ತಿ

ಒಂದು ಸೇರಿಸುತ್ತೇನೆ. ಮಲಗುವುದಕ್ಕೆ ಎಷ್ಟೋ ಮುಂಚೆ ಅವನ ಹೆಸರು ಕರೆದರು, ಗಮನಿಸಿದ್ರಾ? ಇವನು "ಇಗೋ, ಬಂದಿದ್ದೇನೆ" ಅಂತ ಎದ್ದು ಬರುತ್ತಾನೆ. ಇವನು ಯೋಗ್ಯ ಅಂತ ನಿಮಗೆ ಗೊತ್ತೋ ಎಂದು ಬಿಷಪ್ ಕೇಳುತ್ತಾರೆ. ಒಬ್ಬ ಫಾದರ್ ಎದ್ದು, ಜನರನ್ನು ವಿಚಾರಿಸಿದ್ದೇವೆ, ತರಬೇತಿ ಕೊಟ್ಟವರೂ ಒಪ್ಪಿದ್ದಾರೆ ಅಂತ ಸಾಕ್ಷಿ ಹೇಳುತ್ತಾರೆ. ಆಮೇಲೆ ಜನ ಚಪ್ಪಾಳೆ ತಟ್ಟುತ್ತಾರಲ್ಲ, ಅದು ಅಭಿನಂದನೆ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಅದು ಒಪ್ಪಿಗೆ.

ಅಂದರೆ ನಾನು ಫಾದರ್ ಆಗ್ತೀನಿ ಅಂತ ಹೊರಟರೆ ಸಾಲದು. ಕರೆಯಬೇಕು. 374ರಲ್ಲಿ ಮಿಲಾನಿನಲ್ಲಿ ಇದು ವಿಚಿತ್ರವಾಗಿ ನಡೆಯಿತು. ಬಿಷಪ್ ಆಯ್ಕೆಗೆ ಸೇರಿದ ಜನ ಜಗಳಕ್ಕೆ ನಿಂತಿದ್ದರು. ಸಮಾಧಾನ ಮಾಡಲು ಬಂದ ರಾಜ್ಯಪಾಲ ಆಂಬ್ರೋಸ್, ಅವರನ್ನೇ ಬಿಷಪ್ ಮಾಡಿ ಅಂತ ಜನ ಕೂಗಿದರು. ಅವರಿಗೆ ಇನ್ನೂ ಜ್ಞಾನಸ್ನಾನವೇ ಆಗಿರಲಿಲ್ಲ! ತಪ್ಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಜ್ಞಾನಸ್ನಾನ, ದೀಕ್ಷೆ ಎಲ್ಲ ಕೆಲವೇ ದಿನಗಳಲ್ಲಿ ಮುಗಿಯಿತು. ಈಗ ಹಾಗೆ ಮಾಡಲು ಬಿಡುವುದಿಲ್ಲ ಬಿಡಿ.

ನನಗೆ ಇಷ್ಟ ಅಂಗೈಗೆ ಎಣ್ಣೆ ಹಚ್ಚುವುದು. ಕ್ರಿಸ್ಮಾ ತೈಲ, ಆಲಿವ್ ಎಣ್ಣೆಗೆ ಸುಗಂಧ ಬೆರೆಸಿದ್ದು. ಮುಂದೆ ಕೂತವರಿಗೆ ಪರಿಮಳ ಬರುತ್ತದೆ.

ಅರ್ಧಕ್ಕೆ ಬಿಟ್ಟವನು

ನಾನು ಏಳು ವರ್ಷ ಸೆಮಿನರಿಯಲ್ಲಿ, ಅಂದರೆ ಫಾದರ್ ಆಗುವವರ ತರಬೇತಿ ಶಾಲೆಯಲ್ಲಿದ್ದೆ, ಹೆಸರಿನಲ್ಲೇ ಗೊತ್ತಾಗುತ್ತದೆ. ಸನ್ಯಾಸವಾ ಅಂತ ಕೇಳಿದ್ರಲ್ಲ, ಇದರಲ್ಲಿ ನಮ್ಮವರಿಗೂ ಗೊಂದಲ ಜಾಸ್ತಿ.

ವ್ರತ ಬೇರೆ, ದೀಕ್ಷೆ ಬೇರೆ. ಸಿಸ್ಟರ್‌ಗಳು, ಬ್ರದರ್‌ಗಳು ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ವ್ರತ ತೊಡುತ್ತಾರೆ. ಅವರಿಗೆ ಗುರುದೀಕ್ಷೆ ಇಲ್ಲ. ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶದ) ಫಾದರ್‌ಗೆ ದೀಕ್ಷೆ ಇದೆ, ಬಡತನದ ವ್ರತ ಇಲ್ಲ. ಅವನ ಬೈಕ್ ಅವನ ಹೆಸರಿನಲ್ಲೇ ಇರಬಹುದು. ಯೇಸುಸಭೆಯಂಥ (ಜೆಸ್ವಿಟರು) ಸಂಸ್ಥೆಗಳ ಫಾದರ್‌ಗಳಿಗೆ ಎರಡೂ ಇರುತ್ತವೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ಫಾದರ್ ಆಗಿರಲಿಲ್ಲ ಅಂದರೆ ಜನ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಅವರು ಅದರ ಕೆಳಗಿನ ಹಂತದಲ್ಲಿ, ಡೀಕನ್ ಆಗಿಯೇ ಉಳಿದವರು.

ದೀಕ್ಷೆಗೆ ಮೂರು ಹಂತ. ಡೀಕನ್, ಯಾಜಕ (ಅಂದರೆ ಫಾದರ್), ಬಿಷಪ್. ಡೀಕನ್ ಜ್ಞಾನಸ್ನಾನ ಕೊಡಬಹುದು, ಮದುವೆ ನಡೆಸಬಹುದು, ಪ್ರವಚನ ಹೇಳಬಹುದು. ರೊಟ್ಟಿ, ದ್ರಾಕ್ಷಾರಸದ ಬಲಿಪೂಜೆ ಅರ್ಪಿಸುವುದು, ಪಾಪ ಕ್ಷಮಿಸುವುದು ಯಾಜಕನಿಂದ ಶುರು. ಇನ್ನೊಬ್ಬರಿಗೆ ದೀಕ್ಷೆ ಕೊಡುವುದು ಬಿಷಪ್ಪರ ಕೈಯಲ್ಲಿದೆ. ಕಾರ್ಡಿನಲ್, ಪೋಪ್ ಅಂದರೆ ನಾಲ್ಕು, ಐದನೇ ಹಂತ ಅಲ್ಲ. ಪೋಪ್ ಕೂಡ ಒಬ್ಬ ಬಿಷಪ್ಪೇ, ರೋಮಿನ ಬಿಷಪ್. ಯಾಜಕನಾಗಲು 25 ತುಂಬಿರಬೇಕು, ಡೀಕನ್ ಆಗಿ ಆರು ತಿಂಗಳಾದರೂ ಕಳೆದಿರಬೇಕು. ನಿಮ್ಮ ಗೆಳೆಯನಿಗೆ ಡೀಕನ್ ದೀಕ್ಷೆ ಮುಂಚೆಯೇ ಆಗಿರುತ್ತದೆ, ನಿಮ್ಮನ್ನು ಕರೆದಿರಲಿಕ್ಕಿಲ್ಲ.

ಕೆಲಸಕ್ಕೆ ಸೇರುವುದಾ ಅಂತಲೂ ಕೇಳಿದ್ರಿ. ನಾನು ಹೊರಗೆ ಬಂದದ್ದೇ ಈ ಪ್ರಶ್ನೆಯಿಂದ. ನನಗೆ ಮಾತು ಚೆನ್ನಾಗಿ ಬರುತ್ತಿತ್ತು, ಹಾಡು ಬರುತ್ತಿತ್ತು. ಹೋದಲ್ಲೆಲ್ಲ ಜನ ಮೆಚ್ಚುತ್ತಿದ್ದರು. ಒಂದು ಸಂಜೆ ನನ್ನ ಮಾರ್ಗದರ್ಶಕ ಗುರುಗಳು ಬಟ್ಟೆ ಮಡಚುತ್ತಾ ಸುಮ್ನೆ ಕೇಳಿದರು. "ನಿನ್ನ ಮಾತು ಯಾರೂ ಕೇಳದ ಕಡೆ ಹಾಕಿದರೆ ಇರ್ತೀಯೇನಪ್ಪಾ?" ಮೂರು ದಿನ ನಿದ್ದೆ ಬರಲಿಲ್ಲ. ಇರುವುದಿಲ್ಲ ಅಂತ ಉತ್ತರ ಬಂತು. ನನಗೆ ಬೇಕಿದ್ದದ್ದು ಮೈಕು ಅಂತ ಆವತ್ತು ಗೊತ್ತಾಯಿತು. ಬೇಜಾರೇನಿಲ್ಲ. ಈಗ ಮೇಷ್ಟ್ರಾಗಿದ್ದೇನೆ, ಮೈಕು ಸಿಕ್ಕಿದೆ.

ಕಡ್ಡಿಮುರುಕ

ನಾನು ಹುಟ್ಟು ಕಥೋಲಿಕ, ಆದರೂ ಕೇಳಿಯೇ ಕೇಳುತ್ತೇನೆ. ಕೈ ಇಟ್ಟ ತಕ್ಷಣ ಮನುಷ್ಯ ಬದಲಾಗುತ್ತಾನಾ? ನಾನು ಚಿಕ್ಕವನಿದ್ದಾಗ ನಮ್ಮಲ್ಲಿದ್ದ ಫಾದರ್ ಮಹಾ ಸಿಡುಕ. ನಮ್ಮಪ್ಪನನ್ನು ಮಣ್ಣು ಮಾಡುವ ದಿನ ಅರ್ಧ ಗಂಟೆ ತಡವಾಯಿತು. ಅಷ್ಟಕ್ಕೇ ಅಮ್ಮನನ್ನು ಎಲ್ಲರ ಮುಂದೆ ಗದರಿಸಿದರು. ಅವರ ಅಂಗೈಗೂ ಇದೇ ಪರಿಮಳದ ಎಣ್ಣೆ ಹಚ್ಚಿದ್ದಲ್ವಾ?

ಇನ್ನು ಮಕ್ಕಳಿಗೆ ಹಿಂಸೆ ಕೊಟ್ಟವರ ಸುದ್ದಿ ಎಷ್ಟು ದೇಶಗಳಿಂದ ಬಂತು. ದೀಕ್ಷೆ ಅಂದರೆ ಅಳಿಸಲಾಗದ ಮುದ್ರೆ ಅಂತ ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಅಂಥವರ ಮುದ್ರೆಯೂ ಅಳಿಸುವುದಿಲ್ಲವಾ?

ಗಂಟೆಗೋಪುರ

ನಿಮ್ಮ ಅಮ್ಮನಿಗೆ ಮಾಡಿದ್ದು ತಪ್ಪು. ಅದಕ್ಕೆ ದೇವಶಾಸ್ತ್ರದ ಸಮಜಾಯಿಷಿ ಇಲ್ಲ, ಇರಲೂ ಬಾರದು.

ನಿಮ್ಮ ಪ್ರಶ್ನೆ ಮಾತ್ರ ತುಂಬ ಹಳೆಯದು. 300ರ ದಶಕದ ಮೊದಲಲ್ಲಿ ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರನ್ನು ಹಿಂಸಿಸಿದಾಗ ಕೆಲವು ಯಾಜಕರು ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿಬಿಟ್ಟರು. ಹಿಂಸೆ ನಿಂತ ಮೇಲೆ ಉತ್ತರ ಆಫ್ರಿಕದಲ್ಲಿ ದೊಡ್ಡ ಒಡಕು ಬಂತು. ಹೇಡಿ ಬಿಷಪ್ ಕೊಟ್ಟ ದೀಕ್ಷೆ ದೀಕ್ಷೆಯೇ ಅಲ್ಲ ಎಂದರು ಡೊನಾಟಸನ ಕಡೆಯವರು. ಒಂದು ಶತಮಾನ ಇದೇ ಜಗಳ. ಸಂತ ಅಗಸ್ಟೀನರು ಅದಕ್ಕೆ ಉತ್ತರ ಕೊಟ್ಟರು. ಯೇಸುವಿನ ಶಿಷ್ಯ ಪೇತ್ರ ಜ್ಞಾನಸ್ನಾನ ಕೊಟ್ಟರೂ ಯೇಸುವನ್ನು ಹಿಡಿದುಕೊಟ್ಟ ಯೂದ ಕೊಟ್ಟರೂ, ಕೊಡುವವನು ಕ್ರಿಸ್ತನೇ ಎಂದರು.

ಇದನ್ನು ಫಾದರ್‌ಗಳಿಗೆ ಸಿಕ್ಕ ರಿಯಾಯಿತಿ ಅಂತ ಓದಿದರೆ ಸಿಟ್ಟು ಬರುತ್ತದೆ. ನನಗೂ ಬರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತ ಅಜ್ಜಿಯ ಕಡೆಯಿಂದ ಓದಿ ನೋಡಿ. ಪರಮಪ್ರಸಾದ ಕೊಡುವವನ ಮನಸ್ಸಿನಲ್ಲಿ ಏನಿದೆಯೋ ಅಂತ ಅವಳು ತನಿಖೆ ಮಾಡುತ್ತಾ ಕೂರಬೇಕಿಲ್ಲ. ಅವನು ಕೆಟ್ಟವನಾದರೆ ಕೆಡುವುದು ಅವನು, ಅವಳ ಪ್ರಸಾದ ಅಲ್ಲ.

ಮುದ್ರೆ ಅಳಿಸುವುದಿಲ್ಲ, ನಿಜ. ದೀಕ್ಷೆಯನ್ನು ಎರಡನೇ ಸಲ ಕೊಡುವಂತಿಲ್ಲ, ಕೊಟ್ಟದ್ದನ್ನು ಕೊಟ್ಟೇ ಇಲ್ಲ ಅನ್ನುವಂತೆಯೂ ಇಲ್ಲ. ಹಾಗಂತ ಕೆಲಸದಿಂದ ತೆಗೆಯಬಾರದು ಅಂತಲ್ಲ. ಪೂಜೆ ಮಾಡದಂತೆ ತಡೆಯಬಹುದು, ಯಾಜಕ ಸ್ಥಾನದಿಂದಲೇ ಹೊರಗೆ ಹಾಕಬಹುದು. 2019ರಲ್ಲಿ, ಒಂದು ಕಾಲಕ್ಕೆ ಕಾರ್ಡಿನಲ್ ಆಗಿದ್ದ ಅಮೆರಿಕದ ಥಿಯೋಡೋರ್ ಮೆಕ್ಯಾರಿಕ್ ಅವರನ್ನೇ ಹಾಗೆ ತೆಗೆದರು. ಪೊಲೀಸು, ಕೋರ್ಟು ಎಲ್ಲರಿಗೂ ಒಂದೇ. ಎಷ್ಟೋ ಕಡೆ ಮುಚ್ಚಿಟ್ಟರು, ಅದೂ ನಿಜ. ಅದು ಮುದ್ರೆಯ ತಪ್ಪಲ್ಲ, ಮುಚ್ಚಿಟ್ಟವರ ತಪ್ಪು.

ಇನ್ನೊಂದು ವಿಚಿತ್ರ ಕೇಳಿ. ಹಾಗೆ ಹೊರಗೆ ಹಾಕಿಸಿಕೊಂಡವನ ಎದುರು ಯಾರಾದರೂ ಸಾಯುವ ಸ್ಥಿತಿಯಲ್ಲಿ ಬಿದ್ದು ಪಾಪನಿವೇದನೆ ಕೇಳಿದರೆ, ಅವನು ಕ್ಷಮೆ ಕೊಡಬಹುದು. ಕೊಟ್ಟರೆ ಅದು ಊರ್ಜಿತ. ಧರ್ಮಸಭೆಯ ಕಾನೂನು ಪುಸ್ತಕದಲ್ಲೇ ಇದೆ, 976ನೇ ನಿಯಮ. ಇಲ್ಲಿಯೂ ಲೆಕ್ಕಕ್ಕೆ ಬಂದವನು ಸಾಯುತ್ತಿರುವವನು, ಫಾದರ್ ಅಲ್ಲ.

ಕಡ್ಡಿಮುರುಕ

ಅಜ್ಜಿಯ ಮಾತು ಒಪ್ಪಿದೆ. ಉಳಿದದ್ದು ಕಾಗದದ ಮೇಲೆ ಚೆನ್ನಾಗಿದೆ.

ಓದುತ್ತಾ ಬಂದವಳು

ಇಷ್ಟು ಹೊತ್ತೂ ಅಜ್ಜಿ, ಅಮ್ಮ ಅಂತ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದ್ದೀರಿ. ಪೀಠದ ಹತ್ತಿರ ಯಾಕೆ ಇಲ್ಲ?

ಮೇಣದಬತ್ತಿ

ಧರ್ಮಸಭೆ ಕೊಡುವ ಉತ್ತರ ಹೇಳುತ್ತೇನೆ, ಆಮೇಲೆ ನನ್ನದು. ಯೇಸು ಹನ್ನೆರಡು ಪ್ರೇಷಿತರಾಗಿ, ಅಂದರೆ ಮುಖ್ಯ ಶಿಷ್ಯರಾಗಿ, ಗಂಡಸರನ್ನೇ ಆರಿಸಿದರು, ಅದನ್ನು ಬದಲಿಸುವ ಅಧಿಕಾರ ತನಗೆ ಇಲ್ಲ ಎನ್ನುತ್ತದೆ ಧರ್ಮಸಭೆ. 1994ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಇದು ಕೊನೆಯ ಮಾತು ಅಂತ ಬರೆದರು. ಡೀಕನ್ ಹಂತದ ಬಗ್ಗೆ ಮಾತ್ರ ಚರ್ಚೆ ಮುಂದುವರಿಯಿತು. ರೋಮನರಿಗೆ ಬರೆದ ಪತ್ರದಲ್ಲಿ ಪೌಲ ಫೆಬೆ ಎಂಬ ಹೆಂಗಸನ್ನು ಡೀಕನ್ ಅನ್ನುವ ಪದದಿಂದಲೇ ಕರೆಯುತ್ತಾನೆ. ಅದನ್ನು ಪರಿಶೀಲಿಸಲು ಫ್ರಾನ್ಸಿಸ್ ಪೋಪರು 2016ರಲ್ಲಿ ಒಂದು, 2020ರಲ್ಲಿ ಇನ್ನೊಂದು ಸಮಿತಿ ಮಾಡಿದರು.

ಜ್ಞಾನಸ್ನಾನ ಆದ ಪ್ರತಿಯೊಬ್ಬರಿಗೂ ಒಂದು ಬಗೆಯ ಯಾಜಕತ್ವ ಇದೆ ಅಂತಲೂ ಹೇಳುತ್ತಾರೆ. ನಮ್ಮ ದಿನದ ಬದುಕನ್ನೇ ದೇವರಿಗೆ ಅರ್ಪಿಸುವುದು ಅದು. ದೀಕ್ಷೆಯ ಯಾಜಕತ್ವ ಇರುವುದು ಅದರ ಸೇವೆಗೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಇದನ್ನು ಬಿಡಿಸಿ ಹೇಳಿತು.

ನನ್ನ ಉತ್ತರ ಕೇಳಿದರೆ, ನನಗೆ ಪೂರ್ತಿ ಸಮಾಧಾನ ಆಗಿಲ್ಲ. ಆದರೂ ಪ್ರತಿ ಭಾನುವಾರ ಹೋಗುತ್ತೇನೆ.

ಓದುತ್ತಾ ಬಂದವಳು

ಥ್ಯಾಂಕ್ಸ್. ಕೊನೆಯ ಎರಡು ಸಾಲಿಗೆ.

ಹೊರಗಿನವ

ಅಬ್ಬಾ, ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ಒಂದು ಸಣ್ಣ ಪ್ರಶ್ನೆ. ಮದುವೆ ಆಗಬಾರದು ಅನ್ನುವುದು ದೀಕ್ಷೆಯ ಭಾಗವೇನಾ?

ಅರ್ಧಕ್ಕೆ ಬಿಟ್ಟವನು

ಅಲ್ಲ. ಅದು ಲ್ಯಾಟಿನ್, ಅಂದರೆ ಪಶ್ಚಿಮದ ಕಥೋಲಿಕ ಪದ್ಧತಿಯ ಶಿಸ್ತು. 1139ರ ಎರಡನೇ ಲ್ಯಾಟೆರನ್ ಮಹಾಸಭೆ ಅದನ್ನು ಬಿಗಿ ಮಾಡಿತು. ಪೋಪರ ಜೊತೆಗೇ ಇರುವ ಉಕ್ರೇನಿನ ಗ್ರೀಕ್ ಕಥೋಲಿಕರಂಥ ಪೂರ್ವದ ಸಭೆಗಳಲ್ಲಿ ಮದುವೆಯಾದ ಫಾದರ್‌ಗಳು ಇದ್ದಾರೆ. ಆಂಗ್ಲಿಕನ್ ಸಭೆಯಿಂದ ಹೆಂಡತಿ ಮಕ್ಕಳ ಜೊತೆ ಬಂದು ಕಥೋಲಿಕ ದೀಕ್ಷೆ ಪಡೆದವರೂ ಇದ್ದಾರೆ. ಲ್ಯಾಟಿನ್ ಪದ್ಧತಿಯಲ್ಲೂ ಮದುವೆಯಾದವನು 35 ತುಂಬಿದ ಮೇಲೆ, ಹೆಂಡತಿ ಒಪ್ಪಿದರೆ, ಕಾಯಂ ಡೀಕನ್ ಆಗಬಹುದು. ಮದುವೆಯಾದವನಿಗೆ ದೀಕ್ಷೆ ಸಿಗಬಹುದು, ದೀಕ್ಷೆಯಾದ ಮೇಲೆ ಮದುವೆ ಇಲ್ಲ. ಈ ಒಂದು ಕಟ್ಟಳೆ ಎರಡೂ ಕಡೆ ಇದೆ.

ಹಿರಿಯಕ್ಕ

ಇಲ್ಲಿ ಬರೆಯುವುದು ಅಪರೂಪ, ತಪ್ಪಿದ್ದರೆ ತಿದ್ದಿ. ನನ್ನ ತಮ್ಮ ಫಾದರ್. ಮೇಣದಬತ್ತಿಯವರು ಎಣ್ಣೆಯ ಮಾತು ತೆಗೆದಿದ್ದಕ್ಕೆ ಹೇಳುತ್ತಿದ್ದೇನೆ.

ಎಣ್ಣೆ ಹಚ್ಚಿದ ಮೇಲೆ ಕೈ ಒರೆಸಲು ಒಂದು ಬಿಳಿ ಬಟ್ಟೆ ಇರುತ್ತದೆ. ಅದನ್ನು ಒಗೆಯುವುದಿಲ್ಲ. ಹೊಸ ಫಾದರ್ ಅದನ್ನು ತಾಯಿಗೆ ಕೊಡುವುದು ಹಳೆಯ ಸಂಪ್ರದಾಯ. ತಾಯಿ ತೀರಿಕೊಂಡಾಗ ಅವಳ ಕೈಗೆ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಇದು ಕಡ್ಡಾಯ ಏನಲ್ಲ, ಮಾಡುವವರು ಮಾಡುತ್ತಾರೆ. ತಮ್ಮ ಕೊಟ್ಟಾಗ ಅಮ್ಮ ಅದನ್ನು ಸೀರೆಗಳ ಅಡಿಯಲ್ಲಿ ಇಟ್ಟಿದ್ದರು. ಎರಡು ವರ್ಷವಾದರೂ ಬೀರು ತೆಗೆದರೆ ಪರಿಮಳ ಬರುತ್ತಿತ್ತು.

ಅಮ್ಮನಿಗೆ ಅದು ಹೆಮ್ಮೆ. ನನಗೆ ಮೊದಮೊದಲು ಸಿಟ್ಟು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಇವನು ಇನ್ಯಾರದೋ ಮನೆಯ ರೋಗಿಯ ಹತ್ತಿರ ಇರುತ್ತಿದ್ದ. ಅಮ್ಮನಿಗೆ ಕೊನೆಯಲ್ಲಿ ತೀರಾ ಜೋರಾದಾಗಲೂ ಅವನು ಬರುವಷ್ಟರಲ್ಲಿ ತಡವಾಗಿತ್ತು. ಎಣ್ಣೆ ಹಚ್ಚಿದ್ದು, ಪ್ರಾರ್ಥನೆ ಹೇಳಿದ್ದು ನಮಗೆ ಪರಿಚಯವೇ ಇಲ್ಲದ ಒಬ್ಬ ಚಿಕ್ಕ ವಯಸ್ಸಿನ ಫಾದರ್. ಎಲ್ಲಿಂದಲೋ ಸ್ಕೂಟರಿನಲ್ಲಿ ಬಂದರು. ಒದ್ದೆಯಾಗಿದ್ದರು, ಮಳೆ. ಅಮ್ಮನ ಹಣೆ ಮುಟ್ಟುವ ಮೊದಲು ಕೈ ತಣ್ಣಗಿದೆ ಅಂತ ಉಜ್ಜಿಕೊಂಡರು. ಅವರ ಮನೆಯಲ್ಲೂ ನನ್ನ ಹಾಗೆ ಒಬ್ಬ ಅಕ್ಕ ಸಿಟ್ಟು ಮಾಡಿಕೊಂಡು ಕೂತಿರಬಹುದು ಅಂತ ಆಗ ಅನ್ನಿಸಿತು.

ಬಟ್ಟೆ ಅಮ್ಮನ ಕೈಗೆ ಸುತ್ತಿದ್ದು ನಾನೇ.

ಕಡ್ಡಿಮುರುಕ

ಅಕ್ಕಾ, ಇದಕ್ಕೆ ನನ್ನ ಹತ್ತಿರ ಮಾತಿಲ್ಲ.

ಗಂಟೆಗೋಪುರ

ಹಿರಿಯಕ್ಕ ಬರೆದ ಮೇಲೆ ನಾನು ಪಾಠ ಹೇಳುವುದು ಸರಿಯಲ್ಲ. ಆದರೆ ಯಾತಕ್ಕೆ ಎಂಬ ಮೊದಲ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಟ್ಟೇ ಇಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥ ಏಳು ಸಂಸ್ಕಾರಗಳಲ್ಲಿ ಎರಡನ್ನು ಒಟ್ಟಿಗೆ ಇಡುತ್ತದೆ, ಮದುವೆ ಮತ್ತು ದೀಕ್ಷೆ. ಎರಡೂ ಮೊದಲಿಗೆ ಪಡೆದವನಿಗಾಗಿ ಅಲ್ಲ, ಬೇರೆಯವರಿಗಾಗಿ ಎಂದು ಹೇಳುತ್ತದೆ. ಫಾದರ್ ತನ್ನ ಪಾಪವನ್ನು ತಾನೇ ಕ್ಷಮಿಸಿಕೊಳ್ಳುವಂತಿಲ್ಲ. ಇನ್ನೊಬ್ಬ ಫಾದರ್ ಮುಂದೆ ಮೊಣಕಾಲೂರಬೇಕು.

ನನಗೆ ಈ ವಿಷಯ ಬಂದಾಗಲೆಲ್ಲ ನೆನಪಾಗುವುದು ಜರ್ಮನಿಯ ಕಾರ್ಲ್ ಲೈಸ್ನರ್. 1939ರಲ್ಲಿ ಡೀಕನ್ ಆದರು. ಅದೇ ವರ್ಷ ನಾಜಿಗಳು ಹಿಡಿದರು. ಆಗಲೇ ಕ್ಷಯ ಇತ್ತು. ಮುಂದಿನ ವರ್ಷ ಡಾಖಾವ್ ಸೆರೆ ಶಿಬಿರಕ್ಕೆ ಹಾಕಿದರು. ಅಲ್ಲಿ ಸೆರೆಯಲ್ಲಿದ್ದ ಯಾಜಕರು ನೂರಾರು ಮಂದಿ, ಆದರೆ ದೀಕ್ಷೆ ಕೊಡಲು ಬಿಷಪ್ ಬೇಕಲ್ಲ. 1944ರಲ್ಲಿ ಫ್ರಾನ್ಸಿನ ಬಿಷಪ್ ಗಾಬ್ರಿಯೆಲ್ ಪಿಗೆ ಅವರನ್ನೂ ಅದೇ ಶಿಬಿರಕ್ಕೆ ತಂದು ಹಾಕಿದರು. ಅನುಮತಿ ಪತ್ರ, ಎಣ್ಣೆ ಕದ್ದುಮುಚ್ಚಿ ಒಳಗೆ ಬಂದವು. ಬಿಷಪ್ಪರ ದಂಡವನ್ನು ಒಬ್ಬ ಕೈದಿ ಮರದಲ್ಲಿ ಕೆತ್ತಿದ. ಆ ವರ್ಷ ಡಿಸೆಂಬರ್ 17ರಂದು ಶಿಬಿರದೊಳಗೇ ದೀಕ್ಷೆ ನಡೆಯಿತು. ನಿಲ್ಲಲೂ ತ್ರಾಣವಿಲ್ಲದ ಮನುಷ್ಯ. ಡಿಸೆಂಬರ್ 26ರಂದು ಮೊದಲ ಪೂಜೆ ಅರ್ಪಿಸಿದರು. ಎರಡನೆಯದು ಇಲ್ಲ. ಬಿಡುಗಡೆಯಾಗಿ ಕೆಲವೇ ತಿಂಗಳಿಗೆ, 1945ರ ಆಗಸ್ಟ್‌ನಲ್ಲಿ, 30ನೇ ವಯಸ್ಸಿನಲ್ಲಿ ತೀರಿಕೊಂಡರು.

ಲೆಕ್ಕ ಹಾಕಿದರೆ ನಷ್ಟದ ವ್ಯವಹಾರ. ನೋಡಿಕೊಳ್ಳಲು ಒಂದು ಊರಿನ ಚರ್ಚು ಇಲ್ಲ, ಪ್ರವಚನ ಇಲ್ಲ. ಒಂದು ಪೂಜೆ. ಅದಕ್ಕಾಗಿ ಜೀವ ಒತ್ತೆ ಇಟ್ಟು ಓಡಾಡಿದ್ದು ಬೇರೆ ಕೈದಿಗಳು. ಸುಮ್ನೆ ಒಬ್ಬ ಕಾಯಿಲೆಯವನ ಆಸೆ ತೀರಿಸಲು ಅಂತ ನನಗೆ ಅನ್ನಿಸುವುದಿಲ್ಲ. ಆ ಜಾಗದಲ್ಲಿ ಕೈ ಇಡುವುದು ನಿಂತಿಲ್ಲ ಅಂತ ಅವರಿಗೇ ಕಣ್ಣಾರೆ ನೋಡಬೇಕಿತ್ತು.

ಹೊರಗಿನವ

ಎಲ್ಲರಿಗೂ ಥ್ಯಾಂಕ್ಸ್. ಹಿರಿಯಕ್ಕ ಬರೆದದ್ದನ್ನು ಎರಡು ಸಲ ಓದಿದೆ.

ನಿನ್ನೆ ರಾತ್ರಿ ಗೆಳೆಯನಿಗೆ ಫೋನ್ ಮಾಡಿದ್ದೆ. ಬೂಟಿನ ಚೀಟಿಯ ಸುದ್ದಿ ಹೇಳಿದೆ. ಅರ್ಧ ನಿಮಿಷ ನಕ್ಕ. "ಅಮ್ಮ ತಂದಿದ್ದು ಕಣೋ, ಹಾಕ್ಕೊಳ್ಳೋ ಗಡಿಬಿಡೀಲಿ ನೋಡೇ ಇಲ್ಲ" ಅಂದ. ಮಲಗಿದ್ದಾಗ ಏನು ಯೋಚನೆ ಮಾಡುತ್ತಿದ್ದೆ ಅಂತ ಕೇಳಿದೆ. ನೆಲ ತಣ್ಣಗಿತ್ತು, ಹೆಸರುಗಳನ್ನು ಎಣಿಸುತ್ತಿದ್ದೆ, ನಡುವೆ ಲೆಕ್ಕ ತಪ್ಪಿತು ಅಂದ.

ಮೊದಲಿನ ಹಾಗೆ ಭಾನುವಾರ ಬೆಳಿಗ್ಗೆ ಸಿಗೋಣ ಅಂದೆ. ಒಂದು ಕ್ಷಣ ಸುಮ್ಮನಾದ. "ಭಾನುವಾರ ಆಗಲ್ವಲ್ಲೋ" ಅಂದ. ನಾನು ಮರೆತೇಬಿಟ್ಟಿದ್ದೆ. ಮಂಗಳವಾರ ಸಂಜೆ ಬರುತ್ತಾನಂತೆ, ಯಾರೂ ಫೋನ್ ಮಾಡದಿದ್ದರೆ.